ಗೃಹಸ್ಥರ ತಿಳಿವಳಿಕೆಗೆ: ಎಂಜಿನ್ನಿನ ಜಠರಾಗ್ನಿ



ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಸೀಮೆಯಲ್ಲಿ ಹಿಂದೆ ಒಂದು ಮನೆತನದ ಸ್ಥಿತಿಗತಿಯನ್ನು ಕೊಟ್ಟಿಗೆಯ ಎತ್ತುಗಳನ್ನು ನೋಡಿ ಅಳೆಯುತ್ತಿದ್ದರು. ಇಂದು ಎಷ್ಟೋ ಮನೆಗಳ ಮುಂದೆ ಆ ಎತ್ತುಗಳ ಸ್ಥಾನದಲ್ಲಿ ಲಾರಿ ನಿಂತಿರುವದು. ಎತ್ತಿಗೆ ಎಷ್ಟು ಹಿಂಡಿ, ಯಾವ ಹೊತ್ತಿಗೆ ನೀರು, ಬಿಸಿಲಿನಲ್ಲಿ ಎಷ್ಟು ಹೊತ್ತು ನೊಗ ಎಂಬದನ್ನು ಮನೆಯ ಮಕ್ಕಳೂ ಬಲ್ಲವರಾಗಿದ್ದರು. ಲಾರಿಯ ವಿಷಯದಲ್ಲಿಯಾದರೋ, ಸಾಲದ ಕಂತನ್ನು ತುಂಬುವವರು ಮನೆಯವರು, ಅದರ ಆರೋಗ್ಯವನ್ನು ಬಲ್ಲವನು ಮಿಸ್ತ್ರಿ ಒಬ್ಬನೇ, ಎಂಬಂತಾಗಿದೆ. ತನ್ನ ಅನ್ನಕ್ಕೆ ಆಧಾರವಾದ ವಸ್ತುವಿನ ಸ್ವಭಾವವನ್ನು ಗೃಹಸ್ಥನು ಸ್ವಲ್ಪವಾದರೂ ತಿಳಿದಿರಬೇಕು.

ಬ್ಯಾಡಗಿಯ ಕಡೆಯ ಗೃಹಸ್ಥರೊಬ್ಬರು ನಮ್ಮ ಮುಂದೆ ಇಟ್ಟಿರುವ ಪ್ರಶ್ನೆಯು ಹೀಗಿದೆ. ಮೆಣಸಿನಕಾಯಿಯ ಹಂಗಾಮಿಗೆ ಮೊದಲು ಅವರು ತಮ್ಮ ಹಳೆಯ ಲಾರಿಯ ಎಂಜಿನ್ನಿಗೆ ಡೀಸೆಲ್ಲು ಹೆಚ್ಚು ಬರುವಂತೆಯೂ, ಟರ್ಬೊದ ಗಾಳಿಯ ಒತ್ತಡವು ಏರುವಂತೆಯೂ ಮಾಡಿಸಿ ಅದರ ಶಕ್ತಿಯನ್ನು ಹೆಚ್ಚಿಸಿದ್ದಾರೆ. ಈಗ ಕರಾವಳಿಯಿಂದ ಲೋಡು ಹೊತ್ತು ಮರಳುವಾಗ ಅರಬೈಲು ಘಟ್ಟದಲ್ಲಿ ಕಾವಿನ ಮುಳ್ಳು ಮೇಲಕ್ಕೆ ಸರಿಯುವದಂತೆ. ಮಗನು, "ಅಪ್ಪಾ, ಈ ೮೨ ಡಿಗ್ರೀ ಥರ್ಮೋಸ್ಟಾಟ್ ತಗದು ೭೧ರದ್ದು ಹಾಕ್ಸೂಣು" ಎನ್ನುತ್ತಾನೆ. ಮಿಸ್ತ್ರಿಯು, "ನಮ್ಮ ಬಿಸಲ ನಾಡಿಗೆ ಅದ್ಯಾಕ ಬೇಕ್ರಿ ಸಾವುಕಾರ್ರ? ಕಿತ್ತು ಒಗದ್ರಾತು" ಎನ್ನುತ್ತಾನೆ. ಯಾರ ಮಾತನ್ನು ಕೇಳಬೇಕು?

ಈ ಉಪಕರಣವು ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಎಂಜಿನ್ನಿನ ಬೆಲೆಯ ಮುಂದೆ ಇದರ ಬೆಲೆಯು ಏನೂ ಅಲ್ಲ. ಆದರೆ ಉತ್ತರವು ತಪ್ಪಾದರೆ, ಪೇಟೆಯು ತುಂಬಿ ಹರಿಯುವ ದಿನಗಳಲ್ಲಿಯೇ ಲಾರಿಯು ಗ್ಯಾರೇಜಿನಲ್ಲಿ ಎಂಜಿನ್ನು ಬಿಚ್ಚಿಕೊಂಡು ಕೂಡುವದು. ಕಂತು ಮಾತ್ರ ನಿಲ್ಲದು. ಆದಕಾರಣ ಇದನ್ನು ಮೂಲದಿಂದ ವಿಚಾರ ಮಾಡೋಣ. (ಈ ಲೇಖನದಲ್ಲಿ ಡಿಗ್ರಿ ಎಂದಲ್ಲೆಲ್ಲ ಸೆಂಟಿಗ್ರೇಡ್ ಎಂದು ತಿಳಿಯತಕ್ಕದ್ದು.)

ಎಂಜಿನ್ನಿನಲ್ಲಿ ಸುಟ್ಟ ಡೀಸೆಲ್ಲಿನ ಶಾಖದಲ್ಲಿ, ಸ್ಥೂಲಮಾನದಿಂದ ಹೇಳುವದಾದರೆ, ಐದರಲ್ಲಿ ಎರಡು ಪಾಲು ಮಾತ್ರ ಗಾಡಿಯನ್ನು ಎಳೆಯುವ ಕೆಲಸಕ್ಕೆ ಬರುವದು. ಉಳಿದುದರಲ್ಲಿ ಬಹುಭಾಗವು ಹೊಗೆಯ ಕೊಳವೆಯಿಂದ ಹೊರಗೆ ಹೋಗುವದು. ಒಟ್ಟು ಶಾಖದ ಕಾಲು ಪಾಲಿನಷ್ಟನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುವದು. ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಆ ದಾರಿಯ ಬಾಗಿಲಲ್ಲಿ ನಿಂತ ದ್ವಾರಪಾಲಕನೇ ಥರ್ಮೋಸ್ಟಾಟು. ಅದರ ಹೊಟ್ಟೆಯಲ್ಲಿ ಒಂದು ಬಗೆಯ ಮೇಣವಿರುವದು. ನೀರು ತಣ್ಣಗಿರುವವರೆಗೆ ಬಾಗಿಲು ಮುಚ್ಚಿರುವದು. ಆಗ ನೀರು ಅಡ್ಡದಾರಿಯೊಂದರಿಂದ ಎಂಜಿನ್ನಿನೊಳಗೇ ಸುತ್ತುತ್ತ ಬೇಗನೆ ಕಾಯುವದು. ನೀರಿನ ಕಾವು ೮೨ ಡಿಗ್ರಿ ಮುಟ್ಟಿತೆಂದರೆ ಮೇಣವು ಕರಗಿ ಹಿಗ್ಗಿ ಬಾಗಿಲನ್ನು ನೂಕುವದು. ೯೫ರ ಸುಮಾರಿಗೆ ಬಾಗಿಲು ಪೂರ್ತಿಯಾಗಿ ತೆರೆದಿರುವದು. ಅದರ ಮೇಲೆ ಕೆತ್ತಿರುವ ೭೧, ೮೨, ೮೮ ಎಂಬ ಅಂಕಿಗಳು ಬಾಗಿಲು ತೆರೆಯಲು ಪ್ರಾರಂಭವಾಗುವ ಕಾವನ್ನು ತಿಳಿಸುವವು. ಈ ಮೇಣದ ಯುಕ್ತಿಯನ್ನು ೧೯೩೦ರ ದಶಕದಲ್ಲಿ ಅಮೇರಿಕೆಯ ಸರ್ಜಿಯಸ್ ವರ್ನೆ ಎಂಬವರು ಬಳಕೆಗೆ ತಂದರು. ಅದಕ್ಕಿಂತ ಮೊದಲು, ಬೇಗನೆ ಆವಿಯಾಗುವ ದ್ರವವನ್ನು ತುಂಬಿದ ಲೋಹದ ಸಣ್ಣ ತಿದಿಗಳು ಇದೇ ಕೆಲಸವನ್ನು ಮಾಡುತ್ತಿದ್ದವು.

ನಮ್ಮ ವೈದ್ಯಶಾಸ್ತ್ರದಲ್ಲಿ ಜಠರಾಗ್ನಿಯನ್ನು ನಾಲ್ಕು ಬಗೆಯಾಗಿ ಹೇಳಿರುವದು ವಾಚಕರಿಗೆ ತಿಳಿದ ಸಂಗತಿಯೇ: ಮಂದಾಗ್ನಿ, ತೀಕ್ಷ್ಣಾಗ್ನಿ, ವಿಷಮಾಗ್ನಿ, ಸಮಾಗ್ನಿ. ಎಂಜಿನ್ನಿನ ಅಗ್ನಿಗೂ ಈ ನಾಲ್ಕು ಅವಸ್ಥೆಗಳು ಉಂಟು.

ತೀಕ್ಷ್ಣಾಗ್ನಿಯನ್ನು ಎಲ್ಲರೂ ಬಲ್ಲರು. ಕಾವು ಮಿತಿಮೀರಿದರೆ ಎಣ್ಣೆ ತೆಳುವಾಗುವದು, ಹೆಡ್ಡಿನ ಗ್ಯಾಸ್ಕೆಟ್ಟು ಸುಡುವದು, ಪಿಸ್ಟನ್ನು ಲೈನರಿಗೆ ಉಜ್ಜಿ ಹಿಡಿಯುವದು. ಅದರ ಭಯವು ಎಲ್ಲರಿಗೂ ಇದೆ. ಮಂದಾಗ್ನಿಯ ಭಯವು ಮಾತ್ರ ಯಾರಿಗೂ ಇಲ್ಲ. ಯಾಕಂದರೆ ಅದು ಸದ್ದಿಲ್ಲದೆ ಕೊಲ್ಲುವದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳಬೇಕು. ಎಂಜಿನ್ನು ತಣ್ಣಗಿದ್ದರೆ ಡೀಸೆಲ್ಲು ಪೂರ್ತಿ ಸುಡದೆ ಹೊಗೆಯಾಗುವದು. ಸುಡದೆ ಉಳಿದದ್ದು ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರನ್ನು ತೊಳೆದು ಕೆಳಗಿನ ಎಂಜಿನ್ ಎಣ್ಣೆಯಲ್ಲಿ ಕೂಡುವದು. ದಹನದಲ್ಲಿ ಹುಟ್ಟುವ ನೀರಿನ ಆವಿಯು ತಣ್ಣನೆಯ ಗೋಡೆಯ ಮೇಲೆ ಮಂಜಿನಂತೆ ಕೂತು, ಗಂಧಕದ ಅಂಶದೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುವದು. ಗೋಡೆಯ ಕಾವು ಆವಿಯು ಹನಿಗೂಡುವ ಮಟ್ಟಕ್ಕಿಂತ ಕೆಳಗೆ ಇಳಿದರೆ ಸಿಲಿಂಡರಿನ ಸವೆತವು ಹಲವು ಪಟ್ಟು ಹೆಚ್ಚುವದೆಂದು ೧೯೩೦ರ ದಶಕದಲ್ಲಿಯೇ ಇಂಗ್ಲೆಂಡಿನ ಎಂಜಿನಿಯರರು ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದಾರೆ. ೨೦೨೦ರ ಎಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಮಾರುವ ಡೀಸೆಲ್ಲಿನಲ್ಲಿ ಗಂಧಕವು ಹತ್ತು ಲಕ್ಷದಲ್ಲಿ ೧೦ ಭಾಗಕ್ಕೆ ಇಳಿದಿರುವದರಿಂದ ಆಮ್ಲದ ಬಾಧೆಯು ಕಡಿಮೆಯಾಗಿದೆ, ನಿಜ. ಆದರೆ ನೀರಿನ ಬಾಧೆಯೂ ಸುಡದ ಡೀಸೆಲ್ಲಿನ ಬಾಧೆಯೂ ಇದ್ದೇ ಇರುವವು.

ಇನ್ನು ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡು ಕಾವು ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ ಅದು ವಿಷಮಾಗ್ನಿ. ಲೋಹವು ಹಿಗ್ಗಿ ಕುಗ್ಗಿ ಬಿರುಕು ಬಿಡಲು ಅದು ಕಾರಣ. ೮೨ರಿಂದ ೯೫ರ ನಡುವೆ ಮುಳ್ಳು ಸ್ಥಿರವಾಗಿ ನಿಲ್ಲುವದು ಸಮಾಗ್ನಿ. ಬಹುತೇಕ ಲಾರಿಗಳ ಎಂಜಿನ್ನನ್ನು ಇದಕ್ಕಾಗಿಯೇ ರಚಿಸಿರುವರು.

ಈಗ ಮಗನ ಮಾತನ್ನು ಪರೀಕ್ಷಿಸೋಣ. ೭೧ ಡಿಗ್ರಿಯದನ್ನು ಹಾಕಿದರೆ ಘಟ್ಟದಲ್ಲಿ ಎಂಜಿನ್ನು ತಣ್ಣಗಿರುವದೆ? ಇಲ್ಲಿಯೇ ಎಲ್ಲರೂ ಎಡವುವದು. ಥರ್ಮೋಸ್ಟಾಟು ನಿಶ್ಚಯಿಸುವದು ಕಾವಿನ ಕೆಳಗಿನ ಎಲ್ಲೆಯನ್ನು. ಮೇಲಿನ ಎಲ್ಲೆಯನ್ನು ನಿಶ್ಚಯಿಸುವವು ರೇಡಿಯೇಟರು, ಫ್ಯಾನು, ನೀರಿನ ಪಂಪು ಮತ್ತು ರೇಡಿಯೇಟರಿನ ಮುಚ್ಚಳ. ಘಟ್ಟದಲ್ಲಿ ನೀರಿನ ಕಾವು ೧೦೦ನ್ನು ಸಮೀಪಿಸಿದಾಗ ೮೨ರ ಬಾಗಿಲೂ ಪೂರ್ಣ ತೆರೆದಿರುವದು, ೭೧ರ ಬಾಗಿಲೂ ಪೂರ್ಣ ತೆರೆದಿರುವದು. ಪೂರ್ಣ ತೆರೆದ ಬಾಗಿಲುಗಳಲ್ಲಿ ಇದು ಬೇಗ ತೆರೆದದ್ದು, ಅದು ತಡವಾಗಿ ತೆರೆದದ್ದು ಎಂಬ ಭೇದದಿಂದ ಏನು ಫಲ? ಹೊಳೆಗೆ ಮಹಾಪೂರ ಬಂದಾಗ ಕಟ್ಟೆಯ ತೂಬನ್ನು ಮುಂಜಾನೆ ಎತ್ತಿದರೇನು, ಮಧ್ಯಾಹ್ನ ಎತ್ತಿದರೇನು. ನೀರು ಹೋಗುವದು ಕಾಲುವೆಯ ಅಗಲವಿದ್ದಷ್ಟೇ.

ಸ್ವಲ್ಪ ಲಾಭವಿಲ್ಲವೆ ಎಂದು ಕೇಳಬಹುದು. ಉಂಟು, ಅದನ್ನು ಲೆಕ್ಕ ಮಾಡಿ ನೋಡೋಣ. ದೊಡ್ಡ ಎಂಜಿನ್ನಿನಲ್ಲಿ ೨೫ ಲೀಟರು ನೀರೂ ೫೦೦ ಕಿಲೋ ಲೋಹವೂ ಇವೆಯೆಂದು ಹಿಡಿಯಿರಿ. ಇವೆಲ್ಲವನ್ನೂ ಒಂದು ಡಿಗ್ರಿ ಕಾಯಿಸಲು ಸುಮಾರು ೩೩೦ ಕಿಲೋಜೂಲು ಶಾಖ ಬೇಕು. ೭೧ಕ್ಕೂ ೮೨ಕ್ಕೂ ಇರುವ ಅಂತರ ೧೧ ಡಿಗ್ರಿ. ಅರ್ಥಾತ್ ೩,೬೩೦ ಕಿಲೋಜೂಲಿನಷ್ಟು ಅವಕಾಶವು ಹೆಚ್ಚಿಗೆ ಸಿಕ್ಕಿತು. ರೇಡಿಯೇಟರಿಗೆ ಹೊರಹಾಕಲು ಆಗದೆ ಉಳಿಯುವ ಶಾಖವು ೨೦ ಕಿಲೋವ್ಯಾಟ್ ಇದ್ದರೆ, ಎಂದರೆ ಒಂದೊಂದು ಕಿಲೋವ್ಯಾಟಿನ ಇಪ್ಪತ್ತು ವಿದ್ಯುತ್ ಒಲೆಗಳು ಒಮ್ಮೆಲೆ ಉರಿದಷ್ಟಿದ್ದರೆ, ಆ ಅವಕಾಶವೆಲ್ಲ ೧೮೦ ಸೆಕೆಂದುಗಳಲ್ಲಿ, ಮೂರೇ ನಿಮಿಷಗಳಲ್ಲಿ, ತುಂಬಿಹೋಗುವದು. ಘಟ್ಟವು ಮೂರು ನಿಮಿಷದ್ದಲ್ಲ. ಮೂರು ನಿಮಿಷದ ಲಾಭಕ್ಕಾಗಿ ವರ್ಷವಿಡೀ ಮಂದಾಗ್ನಿಯನ್ನು ಸಾಕುವದು ಜಾಣತನವಲ್ಲ.

ಮಿಸ್ತ್ರಿಯ ಮಾತು ಇನ್ನೂ ಕೆಟ್ಟದು. ಹಾವೇರಿಯಿಂದ ರಾಣೆಬೆನ್ನೂರಿಗೆ ಮೂವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಸಪಾಟಾದ ಹೆದ್ದಾರಿ. ಹೊಲದಿಂದ ಪೇಟೆಗೆ, ಪೇಟೆಯಿಂದ ಶೀತಲಗೃಹಕ್ಕೆ ಎಂದು ಅದಕ್ಕಿಂತಲೂ ಸಣ್ಣ ಫೇರಿಗಳು ಎಷ್ಟೋ. ಮೆಣಸಿನಕಾಯಿಯ ಆವಕವು ಪ್ರಾರಂಭವಾಗುವ ಚಳಿಯ ದಿನಗಳ ಬೆಳಗಿನಲ್ಲಿ ಬಾಗಿಲೇ ಇಲ್ಲದ ಎಂಜಿನ್ನು ಊರು ಮುಟ್ಟುವವರೆಗೂ ಕಾಯುವದಿಲ್ಲ. ಹೀಗೆ ದಿನಕ್ಕೆ ನಾಲ್ಕು ಸಾರಿ ತಣ್ಣನೆಯ ಎಂಜಿನ್ನನ್ನು ದುಡಿಸಿದರೆ ಲೈನರೂ ರಿಂಗೂ ಅಕಾಲದಲ್ಲಿ ಸವೆಯುವವು.

ಥರ್ಮೋಸ್ಟಾಟನ್ನು ಕಿತ್ತ ಮೇಲೆ ಎಂಜಿನ್ನು ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ಕಾಯುವದೂ ಉಂಟು. ನೀರು ರೇಡಿಯೇಟರಿನಲ್ಲಿ ನಿಲ್ಲದೆ ವೇಗವಾಗಿ ಓಡುವದರಿಂದ ತಣಿಯುವದಿಲ್ಲವೆಂದು ಇದಕ್ಕೆ ಕಾರಣವನ್ನು ಹೇಳುವರು, ಅದು ಸರಿಯಲ್ಲ. ನಿಜವಾದ ಕಾರಣವು ಬೇರೆ. ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟು ರೇಡಿಯೇಟರಿನ ಬಾಗಿಲನ್ನು ತೆರೆಯುವಾಗಲೇ ಆ ಅಡ್ಡದಾರಿಯನ್ನು ಮುಚ್ಚುವದು. ದ್ವಾರಪಾಲಕನನ್ನೇ ಓಡಿಸಿದರೆ ಅಡ್ಡದಾರಿಯು ಸದಾ ತೆರೆದಿರುವದು. ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರನ್ನು ನೋಡದೆಯೇ ತಿರುಗಿ ಪಂಪಿಗೆ ಬರುವದು. ಹೀಗೆ ಸಪಾಟಿನಲ್ಲಿ ಮಂದಾಗ್ನಿ, ಘಟ್ಟದಲ್ಲಿ ತೀಕ್ಷ್ಣಾಗ್ನಿ, ಎರಡೂ ಒಂದೇ ಗಾಡಿಗೆ ಗಂಟುಬೀಳುವವು.

ಕಡಿಮೆ ಡಿಗ್ರಿಯ ಥರ್ಮೋಸ್ಟಾಟಿನ ಮೋಹವು ಎಲ್ಲಿಂದ ಬಂದಿತು? ಅದಕ್ಕೂ ಒಂದು ಮೂಲವಿದೆ. ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದಾಗ ಇಂಧನವು ಹೊತ್ತಿಗೆ ಮೊದಲೇ ಸ್ಫೋಟಿಸಿ ಲೋಹವನ್ನು ಬಡಿಯುವ ಭಯವುಂಟು. ಎಂಜಿನ್ನು ತುಸು ತಣ್ಣಗಿದ್ದರೆ ಆ ಭಯವು ಕಡಿಮೆ. ಪಂದ್ಯದ ಮೋಟಾರುಗಳವರು ಆ ಪದ್ಧತಿಯನ್ನು ಹಿಡಿದರು. ಡೀಸೆಲ್ಲಿಗೆ ಆ ನ್ಯಾಯವು ಅನ್ವಯಿಸದು. ಅಮೇರಿಕೆಯಲ್ಲಿ ೧೯೮೯ರಿಂದ ಡಾಜ್ ಗಾಡಿಗಳಿಗೆ ಕಮಿನ್ಸ್ ಕಂಪನಿಯ ೫.೯ ಲೀಟರಿನ ಡೀಸೆಲ್ ಎಂಜಿನ್ನನ್ನು ಕೂಡಿಸತೊಡಗಿದರು. ಅದರ ಶಕ್ತಿಯನ್ನು ಹೆಚ್ಚಿಸುವದು ಅಲ್ಲಿ ದೊಡ್ಡ ಹವ್ಯಾಸವೇ ಆಯಿತು. ಅದೇ ಕುಲದ ಎಂಜಿನ್ನನ್ನು ೧೯೯೩ರಲ್ಲಿ ಸ್ಥಾಪಿತವಾದ ಟಾಟಾ ಕಮಿನ್ಸ್ ಸಂಸ್ಥೆಯು ಜಮಶೇಡಪುರದಲ್ಲಿ ನಿರ್ಮಿಸಿ ನಮ್ಮ ಹೆದ್ದಾರಿಗಳಿಗೂ ತಂದಿತು. ಆ ೫.೯ ಲೀಟರಿನ ಎಂಜಿನ್ನಿಗೆ ಹೇಳಿರುವ ಬಾಗಿಲು ೮೩ಕ್ಕೆ ತೆರೆಯತೊಡಗಿ ೯೫ಕ್ಕೆ ಪೂರ್ತಿಯಾಗುವಂಥದು. ಅಮೇರಿಕೆಯ ಹವ್ಯಾಸಿಗಳು ಆರಿಸಿಕೊಳ್ಳುವದೂ ೮೨, ೮೮, ೯೩ ಡಿಗ್ರಿಗಳ ನಡುವೆ. ಭಾರ ಎಳೆಯುವ ಡೀಸೆಲ್ ಗಾಡಿಯ ವಾದವು ಸಾಮಾನ್ಯವಾಗಿ ೮೨ರಿಂದ ಮೇಲೆಯೇ ನಡೆಯುವದೆಂಬದನ್ನು ನಮ್ಮ ತರುಣರು ಗಮನಿಸಬೇಕು.

ಇಷ್ಟಾದ ಮೇಲೆ ನಮ್ಮ ಉತ್ತರವು ಇಂತಿದೆ. ಹಳೆಯ ತರಹದ ಎಂಜಿನ್ನಿಗೆ ಅದನ್ನು ಮಾಡಿದವರು ಹೇಳಿದ ಡಿಗ್ರಿಯನ್ನೇ ಉಳಿಸಿಕೊಳ್ಳಿರಿ. ಮೂಲದಲ್ಲಿ ೮೮ರದಿದ್ದು, ಶಕ್ತಿಯನ್ನು ಹೆಚ್ಚಿಸಿದ ಅನುಭವಸ್ಥನು ಕಾರಣಸಹಿತವಾಗಿ ಹೇಳಿದರೆ, ಒಂದು ಮೆಟ್ಟಿಲು ಇಳಿದು ೮೨ಕ್ಕೆ ಬರಬಹುದು. ಮೂಲದಲ್ಲಿ ೮೨ ಇದ್ದರೆ ಅದಕ್ಕಿಂತ ಕೆಳಗೆ ಇಳಿಯಕೂಡದು. ಕಿತ್ತು ಒಗೆಯುವದು ಸರ್ವಥಾ ನಿಷಿದ್ಧ. ೨೦೨೦ರಿಂದೀಚಿನ ಬಿ.ಎಸ್.-೬ ಗಾಡಿಗಳಲ್ಲಿ ಮುಟ್ಟಲೇಬೇಡಿರಿ: ಅವುಗಳ ಗಣಕವು ನೀರಿನ ಕಾವನ್ನು ಸದಾ ನೋಡುತ್ತಿರುವದು, ಹೊಗೆಯ ಮಸಿಯನ್ನು ಸುಡುವ ಜಾಳಿಗೆಯೂ ಯೂರಿಯಾ ದ್ರವದ ವ್ಯವಸ್ಥೆಯೂ ತಕ್ಕ ಕಾವಿಲ್ಲದೆ ಸರಿಯಾಗಿ ನಡೆಯವು.

ಹಾಗಾದರೆ ಘಟ್ಟದ ಕಾವಿಗೆ ಉಪಾಯವೇನು? ಶಕ್ತಿಯು ನಾಲ್ಕರಲ್ಲಿ ಒಂದು ಪಾಲು ಹೆಚ್ಚಿದರೆ, ನೀರು ಹೊರಬೇಕಾದ ಶಾಖವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುವದು. ಆದುದರಿಂದ ಹಣವನ್ನು ಮೇಲಿನ ಎಲ್ಲೆಯ ಕಡೆಗೆ ವೆಚ್ಚ ಮಾಡತಕ್ಕದ್ದು. ಮೊದಲನೆಯದಾಗಿ ರೇಡಿಯೇಟರಿನ ಹೊರಮೈ. ನಮ್ಮ ಪೇಟೆಗಳಲ್ಲಿ ಮೆಣಸಿನಕಾಯಿಯ ಧೂಳು, ಹತ್ತಿಯ ಎಳೆ, ಗೋವಿನಜೋಳದ ಹೊಟ್ಟು ಅದರ ಸಂದುಗಳಲ್ಲಿ ತುಂಬಿ ಗಾಳಿಯನ್ನು ತಡೆಯುವವು. ಹಂಗಾಮಿನಲ್ಲಿ ವಾರಕ್ಕೊಮ್ಮೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ತೊಳೆಯಿಸಿರಿ. ಎರಡನೆಯದು ಅದರ ಒಳಮೈ. ಬೋರಿನ ಗಡಸು ನೀರನ್ನು ಹೊಯ್ದರೆ ಸುಣ್ಣದ ಪದರು ಕೂತು ಶಾಖವು ದಾಟದು. ಮೂರನೆಯದು ಮುಚ್ಚಳ. ಹಾವೇರಿಯು ಸಮುದ್ರಮಟ್ಟಕ್ಕಿಂತ ೫೫೦ ಮೀಟರಿಗೂ ಎತ್ತರದಲ್ಲಿರುವದರಿಂದ ತೆರೆದ ಪಾತ್ರೆಯಲ್ಲಿ ನೀರು ೯೮ ಡಿಗ್ರಿಗೆ ಕುದಿಯುವದು; ಒತ್ತಡವನ್ನು ಹಿಡಿಯುವ ಒಳ್ಳೆಯ ಮುಚ್ಚಳವಿದ್ದರೆ ೧೨೦ರ ಸಮೀಪದವರೆಗೂ ಕುದಿಯದು. ಸಡಿಲಾದ ಒಂದು ಮುಚ್ಚಳದಿಂದ ಇಪ್ಪತ್ತು ಡಿಗ್ರಿಯ ರಕ್ಷಣೆಯು ಹೋಗುವದು! ನಾಲ್ಕನೆಯದು ಫ್ಯಾನು, ಅದರ ಬೆಲ್ಟು ಮತ್ತು ಗಾಳಿಯನ್ನು ದಾರಿಗೆ ಹಚ್ಚುವ ಸುತ್ತಿನ ತಗಡು. ಇವೆಲ್ಲ ಸರಿಯಿದ್ದೂ ಮುಳ್ಳು ಏರಿದರೆ ರೇಡಿಯೇಟರನ್ನು ದೊಡ್ಡದು ಮಾಡಿಸಬೇಕು, ಇಲ್ಲವೆ ಹೆಚ್ಚಿಸಿದ ಶಕ್ತಿಯನ್ನು ಇಳಿಸಬೇಕು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಅದರ ಕೀರ್ತಿಯೆಲ್ಲ ಬಣ್ಣಕ್ಕೆ, ಖಾರಕ್ಕಲ್ಲ. ಬಣ್ಣವೇ ಬೇರೆ, ಖಾರವೇ ಬೇರೆ ಎಂಬ ವಿವೇಕವನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಅದರಂತೆ ನೀರಿನ ಕಾವೇ ಬೇರೆ, ಹೊಗೆಯ ಕಾವೇ ಬೇರೆ. ಡೀಸೆಲ್ಲನ್ನು ಹೆಚ್ಚಾಗಿ ಉಣಿಸಿದ ಎಂಜಿನ್ನಿನಲ್ಲಿ ನೀರಿನ ಮುಳ್ಳು ಶಾಂತವಾಗಿದ್ದಾಗಲೂ ಹೊರಬೀಳುವ ಹೊಗೆಯ ಕಾವು ಮಿತಿಮೀರಿ ಪಿಸ್ಟನ್ನಿನ ತಲೆಯನ್ನೂ ಟರ್ಬೊವನ್ನೂ ಕರಗಿಸಬಹುದು. ೭೦೦ ಡಿಗ್ರಿಯ ಮೇಲೆ ಬಹಳ ಹೊತ್ತು ಹೋಗಬಾರದೆಂಬದು ಬಲ್ಲವರ ರೂಢಿಯ ಮಾತು. ಶಕ್ತಿಯನ್ನು ಹೆಚ್ಚಿಸಿದವರು ಹೊಗೆಯ ಕಾವನ್ನು ತೋರಿಸುವ ಮಾಪಕವನ್ನು ಮೊದಲು ಹಾಕಿಸಲಿ. ಥರ್ಮೋಸ್ಟಾಟಿನ ವಿಚಾರವು ಆಮೇಲೆ. ಚಾಲಕನು ಘಟ್ಟದಲ್ಲಿ ಒಂದು ಗೇರು ಇಳಿಸಿ, ಕಾಲನ್ನು ತುಸು ಎತ್ತಿ ನಡೆಸಿದರೆ ಎರಡು ಕಾವುಗಳೂ ಇಳಿಯುವವು. ಅದಕ್ಕೆ ಖರ್ಚಿಲ್ಲ.

ಥರ್ಮೋಸ್ಟಾಟು ಸರಿಯಿದೆಯೋ ಇಲ್ಲವೋ ಎಂಬದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ಪಾತ್ರೆಯಲ್ಲಿ ನೀರು ತುಂಬಿ, ಥರ್ಮೋಸ್ಟಾಟನ್ನು ತಂತಿಯಿಂದ ತಳಕ್ಕೆ ತಾಗದಂತೆ ಇಳಿಬಿಟ್ಟು, ೧೦೦ ಡಿಗ್ರಿಯವರೆಗೆ ತೋರಿಸುವ ಉಷ್ಣಮಾಪಕವನ್ನು ಇಟ್ಟು, ಸಣ್ಣ ಉರಿಯಲ್ಲಿ ಕಾಯಿಸಿರಿ. ಕೆತ್ತಿದ ಅಂಕಿಯ ಎರಡು ಡಿಗ್ರಿ ಆಚೆ ಈಚೆ ಬಾಗಿಲು ಅಲುಗಿ, ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆಯಬೇಕು. ಆರಿದ ಮೇಲೆ ಪೂರ್ತಿ ಮುಚ್ಚಬೇಕು. ಆ ಪಾತ್ರೆಯನ್ನು ಮತ್ತೆ ಅಡಿಗೆಗೆ ಬಳಸಬೇಡಿರಿ. ತಿರುಗಿ ಕೂಡಿಸುವಾಗ ಅದರ ಅಂಚಿನಲ್ಲಿರುವ ಸಣ್ಣ ರಂಧ್ರವು ಸಾಮಾನ್ಯವಾಗಿ ಮೇಲ್ಗಡೆಗೆ ಬರಬೇಕು. ಗಾಳಿಯು ಹೊರಗೆ ಹೋಗಲು ಅದೇ ದಾರಿ.

ಮನೆಯವರೆಲ್ಲರೂ ನೆನಪಿಡಬೇಕಾದ ಎರಡು ಮಾತುಗಳು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾರೂ ತೆಗೆಯಕೂಡದು. ಒತ್ತಡದಲ್ಲಿರುವ ನೀರು ಒಮ್ಮೆಲೆ ಚಿಮ್ಮಿ ಮೋರೆಯನ್ನು ಬೇಯಿಸುವದು. ಅಂಗಳದಲ್ಲಿ ಬಸಿದ ಕೂಲಂಟನ್ನು ಹಾಗೆಯೇ ಬಿಡಕೂಡದು. ಅದು ಸಿಹಿಯಾದ ವಿಷ. ಕೂಸುಗಳೂ ದನಕರುಗಳೂ ನಾಯಿಗಳೂ ನೆಕ್ಕಿದರೆ ಪ್ರಾಣಾಪಾಯ.

ಕಾನೂನಿನ ಮಾತೂ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ಗಾಡಿಯ ನೋಂದಣಿಯ ವಿವರವು ಮೂಲದಲ್ಲಿ ತಯಾರಕರು ಹೇಳಿದುದಕ್ಕಿಂತ ಬೇರೆಯಾಗುವ ಹಾಗೆ ಮಾರ್ಪಾಟು ಮಾಡಲು ಒಡೆಯನಿಗೆ ಅಧಿಕಾರವಿಲ್ಲ. ಹೊಗೆಯ ನಿಯಮವೂ ಬೇರೆಯಾಗಿ ಇದೆ. ಅಪಘಾತವಾದಾಗ ವಿಮೆಯವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವನು ಮಿಸ್ತ್ರಿಯಲ್ಲ, ಒಡೆಯ.

ತರುಣರು ಶಕ್ತಿಯನ್ನು ಬಯಸುವದು ಸಹಜ. ನಾವು ಅದನ್ನು ಹಳಿಯುವವರಲ್ಲ. ಆದರೆ ಉಣಿಸನ್ನು ಹೆಚ್ಚಿಸಿದವನು ಜೀರ್ಣವಾಗುವ ಬಗೆಯನ್ನೂ ನೋಡಬೇಕು. ಅಗ್ನಿಯನ್ನು ಆರಿಸಿ ಅಜೀರ್ಣವನ್ನು ಗುಣಪಡಿಸುವ ವೈದ್ಯನಿಲ್ಲ. ದ್ವಾರಪಾಲಕನನ್ನು ಅವನ ಸ್ಥಾನದಲ್ಲಿ ಬಿಟ್ಟು, ರೇಡಿಯೇಟರನ್ನೂ ಮುಚ್ಚಳವನ್ನೂ ಚೊಕ್ಕಟವಾಗಿ ಇಡಿಸಿ, ಘಟ್ಟದಲ್ಲಿ ಆತುರಪಡದೆ ಗಾಡಿಯನ್ನು ನಡೆಸುವ ಮನೆಯಲ್ಲಿ ಲಾರಿಯು ಕಂತು ತೀರಿದ ಮೇಲೆಯೂ ಬಹುಕಾಲ ದುಡಿಯುವದು.